ಪ್ಯಾಟ್ರಿಕ್ ಪಿಯರ್ಸ್: ಬಂಡಾಯಗಾರನೊಳಗಿನ ಶಿಕ್ಷಕ

ಐರ್ಲೆಂಡಿನ ಪ್ಯಾಟ್ರಿಕ್ ಪಿಯರ್ಸ್ ಅವರನ್ನು ಇತಿಹಾಸ ನೆನೆಯುವುದು 1916ರ ಈಸ್ಟರ್ ಬಂಡಾಯದ ನಾಯಕರೆಂದು. ಬಿ.ಇಡಿ. ಪ್ರಶಿಕ್ಷಣಾರ್ಥಿಯಾದ ನನಗೆ ಅವರ ಶಿಕ್ಷಕ ವೃತ್ತಿಯೇ ಹೆಚ್ಚು ಮುಖ್ಯವೆನಿಸುತ್ತದೆ.

ಪಿಯರ್ಸ್ 1879ರ ನವೆಂಬರ್ 10ರಂದು ಡಬ್ಲಿನ್‌ನಲ್ಲಿ ಜನಿಸಿದರು. ತಂದೆ ಇಂಗ್ಲೆಂಡಿನಿಂದ ಬಂದ ಕಲ್ಲು ಕೆತ್ತನೆಗಾರರು. ಹದಿಹರೆಯದಲ್ಲೇ ಪಿಯರ್ಸ್ ಐರಿಶ್ ಭಾಷೆಯ ಉಳಿವಿಗೆ ದುಡಿಯುತ್ತಿದ್ದ ಗೇಲಿಕ್ ಲೀಗ್ ಸೇರಿದರು. 1903ರಲ್ಲಿ ಅದರ ಪತ್ರಿಕೆಯ ಸಂಪಾದಕರಾದರು. 1905ರಲ್ಲಿ ಬೆಲ್ಜಿಯಂಗೆ ಹೋಗಿ, ಎರಡು ಭಾಷೆಗಳಲ್ಲಿ ಪಾಠ ನಡೆಯುವ ಶಾಲೆಗಳನ್ನು ನೋಡಿ ಬಂದರು.

1908ರಲ್ಲಿ ಡಬ್ಲಿನ್‌ನಲ್ಲಿ ಸೇಂಟ್ ಎಂಡಾ ಎಂಬ ಬಾಲಕರ ಶಾಲೆ ತೆರೆದರು. ಅಲ್ಲಿ ಐರಿಶ್ ಮತ್ತು ಇಂಗ್ಲಿಷ್ ಎರಡರಲ್ಲೂ ಬೋಧನೆ. ನಾಟಕ, ತೋಟದ ಕೆಲಸ, ಪ್ರಕೃತಿ ವೀಕ್ಷಣೆ ಕಲಿಕೆಯ ಭಾಗವಾಗಿದ್ದವು. ಶಾಲಾ ನಾಯಕನನ್ನು ಹುಡುಗರೇ ಚುನಾಯಿಸುತ್ತಿದ್ದರು. 1910ರಲ್ಲಿ ಶಾಲೆ ರಾತ್‌ಫಾರ್ನಮ್‌ನ ದೊಡ್ಡ ಆವರಣಕ್ಕೆ ಹೋಯಿತು, ಸಾಲವೂ ಬೆಳೆಯಿತು. 1913ರಲ್ಲಿ ಶಾಲೆಯ ಸಹಾಯಾರ್ಥ ಡಬ್ಲಿನ್‌ನ ಆ್ಯಬಿ ರಂಗಮಂದಿರದಲ್ಲಿ ಪಿಯರ್ಸ್ ಅವರ ನಾಟಕದ ಜೊತೆಗೆ ಆಡಿದ್ದು ನಮ್ಮ ರವೀಂದ್ರನಾಥ ಠಾಗೋರರ ‘ಅಂಚೆಮನೆ’.

1916ರ ಆರಂಭದಲ್ಲಿ ಪ್ರಕಟವಾದ ಅವರ ಕಿರುಹೊತ್ತಗೆ ಅಂದಿನ ಶಿಕ್ಷಣವನ್ನು ಕೊಲ್ಲುವ ಯಂತ್ರವೆಂದು ಕರೆಯಿತು. ಪರೀಕ್ಷೆಗಾಗಿ ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದು ಶಿಕ್ಷಣವಲ್ಲ, ಪ್ರತಿ ಮಗುವಿನಲ್ಲಿರುವ ವಿಶಿಷ್ಟ ಗುಣವನ್ನು ಪೋಷಿಸುವುದೇ ಶಿಕ್ಷಣ ಎಂಬುದು ಅದರ ತಿರುಳು.

ಅದೇ ವರ್ಷ ಏಪ್ರಿಲ್ 24ರಂದು ಡಬ್ಲಿನ್‌ನ ಪ್ರಧಾನ ಅಂಚೆ ಕಚೇರಿಯ ಮುಂದೆ ಪಿಯರ್ಸ್ ಗಣರಾಜ್ಯದ ಘೋಷಣೆ ಓದಿದರು. ಜನರ ಸಾವುನೋವು ಹೆಚ್ಚಬಾರದೆಂದು 29ರಂದು ಶರಣಾದರು. ಮೇ 3ರಂದು ಕಿಲ್ಮೇನಮ್ ಸೆರೆಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದೇ ಶಾಲೆಯಲ್ಲಿ ಪಾಠ ಹೇಳಿದ್ದ ಥಾಮಸ್ ಮ್ಯಾಕ್‌ಡೊನಾ ಅವರಿಗೂ ಅಂದೇ ಮರಣದಂಡನೆಯಾಯಿತು. ಚಿತ್ರಕಲೆ ಕಲಿಸುತ್ತಿದ್ದ ತಮ್ಮ ವಿಲಿಯಂಗೆ ಮರುದಿನ. ಈ ಮರಣದಂಡನೆಗಳು ಜನಾಭಿಪ್ರಾಯವನ್ನೇ ತಿರುಗಿಸಿದವು. ಶಾಲೆ 1935ರವರೆಗೆ ನಡೆಯಿತು. ಇಂದು ಅದು ವಸ್ತುಸಂಗ್ರಹಾಲಯ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬಂಡಾಯದಲ್ಲಿ ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಜನ ಸಾಮಾನ್ಯ ನಾಗರಿಕರು. ಅಂಚೆ ಕಚೇರಿಯಲ್ಲಿ ಬಂದೂಕು ಹಿಡಿದವರಲ್ಲಿ ಸೇಂಟ್ ಎಂಡಾದ ಹಳೆಯ ವಿದ್ಯಾರ್ಥಿಗಳೂ ಇದ್ದರು. ಎಳೆವಯಸ್ಸಿನಲ್ಲೇ ಮಡಿದ ವೀರ ಕುಹುಲಿನ್‌ನ ಕಥೆಯನ್ನು ಆದರ್ಶವೆಂದು ಕೇಳಿ ಬೆಳೆದವರು ಅವರು. ಅವರು ಬಂದದ್ದು ಸ್ವಂತ ವಿವೇಚನೆಯಿಂದಲೋ, ಮೆಚ್ಚಿನ ಗುರುವಿನ ಮೇಲಿನ ಅಭಿಮಾನದಿಂದಲೋ? ಪರೀಕ್ಷೆಯ ಅಚ್ಚನ್ನು ಒಡೆದ ಶಿಕ್ಷಕನ ವ್ಯಕ್ತಿತ್ವವೇ ಮತ್ತೊಂದು ಅಚ್ಚಾಗಬಹುದು. ಪಿಯರ್ಸ್ ಅವರ ಶಾಲೆಯಿಂದ ಮಾತೃಭಾಷೆಯ ಗೌರವವನ್ನೂ ಮಗುವಿನ ಸ್ವಾತಂತ್ರ್ಯವನ್ನೂ ನಾವು ಕಲಿಯಬೇಕು. ಜೊತೆಗೆ, ನಮ್ಮ ಮಾತನ್ನು ಒಪ್ಪದಿರುವ ಧೈರ್ಯವನ್ನೂ ಮಕ್ಕಳಿಗೆ ಕಲಿಸಬೇಕೆಂದು ನಾನು ನಂಬುತ್ತೇನೆ.