ಪಕ್ಷ ಮೆಚ್ಚಿತು, ಗಾದಿ ದಕ್ಕಲಿಲ್ಲ: ಸೆನೆಟರ್ ರಾಬರ್ಟ್ ಟಾಫ್ಟ್

ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನು ಆರಿಸುವ ಹೊತ್ತು ಬಂದಾಗಲೆಲ್ಲ ಅಮೆರಿಕದ ಸಂಪ್ರದಾಯವಾದಿ ಮತದಾರರ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಈತ ನಮ್ಮ ನಂಬಿಕೆಗೆ ನಿಷ್ಠನೇ? ಈತ ಗೆಲ್ಲಬಲ್ಲನೇ? ಎರಡಕ್ಕೂ ಹೌದೆಂಬ ಉತ್ತರ ದೊರೆತರೆ ತಕರಾರಿಲ್ಲ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಅನುಮಾನ ಎಂದಾದಾಗಲೇ ಇಕ್ಕಟ್ಟು. ಈ ಇಕ್ಕಟ್ಟಿಗೆ ಸಿಲುಕಿ ಮೂರು ಬಾರಿ ಅವಕಾಶ ಕಳೆದುಕೊಂಡವರು ಓಹಿಯೋ ರಾಜ್ಯದ ಸೆನೆಟರ್ ರಾಬರ್ಟ್ ಟಾಫ್ಟ್. ಜನ ಅವರನ್ನು ಮಿಸ್ಟರ್ ರಿಪಬ್ಲಿಕನ್ ಎಂದೇ ಕರೆಯುತ್ತಿದ್ದರು. ಹೀಗೆ ಪಕ್ಷದ ಹೆಸರನ್ನೇ ಬಿರುದಾಗಿ ಹೊತ್ತ ಈ ನಾಯಕನನ್ನು ರಿಪಬ್ಲಿಕನ್ ಪಕ್ಷ ಒಮ್ಮೆಯೂ ಅಧ್ಯಕ್ಷ ಚುನಾವಣೆಯ ಕಣಕ್ಕಿಳಿಸಲಿಲ್ಲ.

ಅಧ್ಯಕ್ಷರ ಮಗ

ಟಾಫ್ಟ್ ಹುಟ್ಟಿದ್ದು 1889ರ ಸೆಪ್ಟೆಂಬರ್ 8ರಂದು, ಓಹಿಯೋದ ಸಿನ್ಸಿನಾಟಿ ನಗರದಲ್ಲಿ. ಅಜ್ಜ ಅಲ್ಫಾನ್ಸೊ ಟಾಫ್ಟ್ ಅಧ್ಯಕ್ಷ ಗ್ರ್ಯಾಂಟ್ ಅವರ ಸಂಪುಟದಲ್ಲಿದ್ದವರು. ತಂದೆ ವಿಲಿಯಂ ಹೊವಾರ್ಡ್ ಟಾಫ್ಟ್ 1909ರಿಂದ 1913ರವರೆಗೆ ದೇಶದ ಅಧ್ಯಕ್ಷರಾಗಿದ್ದು, ಮುಂದೆ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯೂ ಆದರು. ಆ ದೇಶದಲ್ಲಿ ಎರಡೂ ಪದವಿಗಳನ್ನು ಅಲಂಕರಿಸಿದವರು ಅವರೊಬ್ಬರೇ.

ಮಗನೂ ಮೇಧಾವಿಯೇ. ಯೇಲ್ ವಿಶ್ವವಿದ್ಯಾಲಯದಲ್ಲಿ ಮೊದಲ ಸ್ಥಾನ, ಹಾರ್ವರ್ಡ್ ಕಾನೂನು ಶಾಲೆಯಲ್ಲೂ ಮೊದಲ ಸ್ಥಾನ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದೃಷ್ಟಿದೋಷದಿಂದಾಗಿ ಸೈನ್ಯಕ್ಕೆ ಸೇರಲಾಗದೆ, ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಆಹಾರ ಆಡಳಿತದಲ್ಲಿ ದುಡಿದರು. ಬೆಲೆ ನಿಯಂತ್ರಣದ ಕಷ್ಟಗಳನ್ನು ಹತ್ತಿರದಿಂದ ಕಂಡ ಅವರಿಗೆ, ಸರ್ಕಾರ ಎಲ್ಲಕ್ಕೂ ಕೈಹಾಕಬಾರದೆಂಬ ನಿಲುವು ಕಾಲಕ್ರಮದಲ್ಲಿ ಗಟ್ಟಿಯಾಯಿತು. 1921ರಲ್ಲಿ ಓಹಿಯೋ ಶಾಸನಸಭೆ ಪ್ರವೇಶಿಸಿದರು. 1938ರಲ್ಲಿ ಅಮೆರಿಕದ ಸೆನೆಟ್‌ಗೆ ಆಯ್ಕೆಯಾದರು.

ಆಗ ಶ್ವೇತಭವನದಲ್ಲಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಮಹಾ ಆರ್ಥಿಕ ಕುಸಿತದಿಂದ ದೇಶವನ್ನು ಮೇಲೆತ್ತಲು ಅವರು ರೂಪಿಸಿದ ನ್ಯೂ ಡೀಲ್ ಕಾರ್ಯಕ್ರಮಗಳನ್ನು ಟಾಫ್ಟ್ ಅಂಕಿ ಅಂಶಗಳೊಡನೆ ವಿರೋಧಿಸಿದರು. ಅಧಿಕಾರ ಒಂದೇ ಕಡೆ ಶೇಖರಗೊಂಡರೆ ವ್ಯಕ್ತಿಯ ಸ್ವಾತಂತ್ರ್ಯ ಉಳಿಯದು ಎಂಬುದು ಅವರ ವಾದದ ತಿರುಳಾಗಿತ್ತು. ಯೂರೋಪಿನ ಯುದ್ಧಕ್ಕೆ ಅಮೆರಿಕ ತಲೆಹಾಕುವುದನ್ನೂ ಅವರು ಒಪ್ಪಲಿಲ್ಲ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ಎರಗಿದ ಮೇಲಷ್ಟೇ ಯುದ್ಧವನ್ನು ಬೆಂಬಲಿಸಿದರು.

ಮೆಚ್ಚುಗೆ ಗಳಿಸಿದ್ದು ಹೇಗೆ?

ಟಾಫ್ಟ್ ಮಾತುಗಾರರಲ್ಲ. ಅವರ ಭಾಷಣ ಲೆಕ್ಕಪತ್ರ ಓದಿದಂತಿರುತ್ತಿತ್ತು. ಅಪರಿಚಿತರ ಹೆಗಲ ಮೇಲೆ ಕೈಹಾಕಿ ನಗುವ ಕಲೆ ಅವರಿಗೆ ಒಲಿದಿರಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಪತ್ನಿ ಮಾರ್ಥಾ. 1938ರ ಚುನಾವಣೆಯಲ್ಲಿ ಆಕೆಯ ಪ್ರಚಾರ ಪತಿಗೆ ದೊಡ್ಡ ಬಲವಾಗಿತ್ತು. 1950ರಲ್ಲಿ ಆಕೆ ಪಾರ್ಶ್ವವಾಯುವಿಗೆ ತುತ್ತಾದ ಬಳಿಕ ಟಾಫ್ಟ್ ಆಕೆಯ ಶುಶ್ರೂಷೆಯಲ್ಲಿ ತಾವೇ ಭಾಗಿಯಾದರು.

ಹೀಗಿದ್ದೂ ಪಕ್ಷದ ನಿಷ್ಠಾವಂತರು ಅವರನ್ನು ಹಚ್ಚಿಕೊಂಡಿದ್ದೇಕೆ? ನಷ್ಟವಾಗುವುದೆಂದು ಗೊತ್ತಿದ್ದರೂ ಅನಿಸಿದ್ದನ್ನು ಹೇಳುವ ಎದೆಗಾರಿಕೆಗಾಗಿ. 1946ರ ಅಕ್ಟೋಬರ್‌ನಲ್ಲಿ, ಸಂಸತ್ ಚುನಾವಣೆ ಹೊಸ್ತಿಲಲ್ಲಿದ್ದಾಗ, ಓಹಿಯೋದ ಕೆನ್ಯನ್ ಕಾಲೇಜಿನಲ್ಲಿ ಮಾತನಾಡುತ್ತ ನ್ಯೂರೆಂಬರ್ಗ್ ವಿಚಾರಣೆಯನ್ನು ಟೀಕಿಸಿದರು. ನಾಜಿ ನಾಯಕರ ಬಗ್ಗೆ ಅವರಿಗೆ ಅನುಕಂಪವಿರಲಿಲ್ಲ. ಕೃತ್ಯ ನಡೆದ ಮೇಲೆ ಕಾನೂನು ರಚಿಸಿ ಗಲ್ಲಿಗೇರಿಸುವುದು ನ್ಯಾಯವಲ್ಲ, ಗೆದ್ದವರ ಸೇಡು ಎಂಬುದಷ್ಟೇ ಅವರ ಆಕ್ಷೇಪ. ಎದುರಾಳಿಗಳಷ್ಟೇ ಅಲ್ಲ, ಸ್ವಪಕ್ಷದವರೂ ಬೆಚ್ಚಿಬಿದ್ದರು. ಟೀಕೆಯ ಮಳೆ ಸುರಿದರೂ ಟಾಫ್ಟ್ ಮಾತು ಹಿಂತೆಗೆದುಕೊಳ್ಳಲಿಲ್ಲ. ಮುಂದೆ ಜಾನ್ ಎಫ್. ಕೆನಡಿ ಧೈರ್ಯಶಾಲಿ ಸೆನೆಟರ್‌ಗಳ ಕುರಿತು 1956ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಮ್ಮ ಪಕ್ಷಕ್ಕೆ ಸೇರದ ಟಾಫ್ಟ್‌ಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದು ಈ ಪ್ರಸಂಗಕ್ಕಾಗಿಯೇ.

ಮರುವರ್ಷ ಬಂದದ್ದು ಟಾಫ್ಟ್-ಹಾರ್ಟ್ಲಿ ಕಾಯ್ದೆ. ಕಾರ್ಮಿಕ ಸಂಘಗಳ ಅಧಿಕಾರಕ್ಕೆ ಮಿತಿ ಹಾಕಿದ ಈ ಮಸೂದೆಯನ್ನು ಅಧ್ಯಕ್ಷ ಟ್ರೂಮನ್ ತಿರಸ್ಕರಿಸಿದರೂ, 1947ರ ಜೂನ್‌ನಲ್ಲಿ ಸಂಸತ್ತು ಅವರ ವೀಟೋವನ್ನು ಮೀರಿ ಅಂಗೀಕರಿಸಿತು. ಸಂಘಗಳು ಟಾಫ್ಟ್ ವಿರುದ್ಧ ತೊಡೆತಟ್ಟಿದವು. ಆದರೆ 1950ರ ಚುನಾವಣೆಯಲ್ಲಿ ಕಾರ್ಖಾನೆಗಳಿಂದ ತುಂಬಿದ ಓಹಿಯೋದಲ್ಲೇ ಅವರು 4 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಇಷ್ಟಾದರೂ ಅವರು ಹಣೆಪಟ್ಟಿಗೆ ಕಟ್ಟುಬಿದ್ದವರಲ್ಲ. ಬಡವರಿಗೆ ಮನೆ ಕಟ್ಟಿಸಲು ಸರ್ಕಾರ ನೆರವಾಗಬೇಕೆಂದು ವಾದಿಸಿ, 1949ರ ವಸತಿ ಕಾಯ್ದೆಗೆ ದುಡಿದವರಲ್ಲಿ ಅವರೂ ಒಬ್ಬರು. ಅದೇ ವರ್ಷ ನ್ಯಾಟೋ ಒಪ್ಪಂದದ ವಿರುದ್ಧ ಮತ ಚಲಾಯಿಸಿದ 13 ಸೆನೆಟರ್‌ಗಳಲ್ಲೂ ಅವರಿದ್ದರು. ಅವರ ಬದುಕಿನಲ್ಲಿ ಕಪ್ಪುಚುಕ್ಕೆಯೂ ಇದೆ. ಕಮ್ಯುನಿಸ್ಟರೆಂಬ ಆರೋಪ ಹೊರಿಸಿ ಹಲವರ ಮಾನ ಹರಾಜು ಹಾಕಿದ ಸೆನೆಟರ್ ಜೋಸೆಫ್ ಮೆಕಾರ್ಥಿಗೆ ಆರಂಭದಲ್ಲಿ ಅವರು ಉತ್ತೇಜನ ನೀಡಿದ್ದನ್ನು ಅವರ ಅಭಿಮಾನಿಗಳೂ ಸಮರ್ಥಿಸಿಕೊಳ್ಳಲಾರರು.

ಮೂರು ಸೋಲು

1940ರ ಪಕ್ಷದ ಅಧಿವೇಶನದಲ್ಲಿ ಟಾಫ್ಟ್ ಪ್ರಮುಖ ಆಕಾಂಕ್ಷಿಯಾಗಿದ್ದರು. ಆರನೆಯ ಸುತ್ತಿನಲ್ಲಿ ಗೆದ್ದವರು ಅಲ್ಲಿಯವರೆಗೆ ಯಾವ ಚುನಾಯಿತ ಹುದ್ದೆಯನ್ನೂ ಹಿಡಿಯದಿದ್ದ ಉದ್ಯಮಿ ವೆಂಡೆಲ್ ವಿಲ್ಕಿ. 1948ರಲ್ಲಿ ನ್ಯೂಯಾರ್ಕ್ ಗವರ್ನರ್ ಥಾಮಸ್ ಡ್ಯೂಯಿ ಮೂರನೆಯ ಸುತ್ತಿನಲ್ಲಿ ಟಿಕೆಟ್ ಗಿಟ್ಟಿಸಿದರು. ಗೆಲ್ಲುವ ಕುದುರೆ ಎಂದು ಆರಿಸಿದ ಈ ಇಬ್ಬರೂ ಚುನಾವಣೆಯಲ್ಲಿ ಮಣ್ಣುಮುಕ್ಕಿದರು. ಟಾಫ್ಟ್ ಬೆಂಬಲಿಗರ ಅಸಮಾಧಾನಕ್ಕೆ ಇದೇ ಕಾರಣ. ತತ್ವವನ್ನು ಬಿಟ್ಟುಕೊಟ್ಟರೂ ಗೆಲುವು ಬಾರದಿದ್ದರೆ ಬಿಟ್ಟುಕೊಟ್ಟು ಪ್ರಯೋಜನವೇನು ಎಂದು ಅವರು ಕೇಳತೊಡಗಿದರು.

1952ರ ಹೊತ್ತಿಗೆ ರಿಪಬ್ಲಿಕನ್ ಪಕ್ಷ ಸತತ ಐದು ಅಧ್ಯಕ್ಷ ಚುನಾವಣೆಗಳಲ್ಲಿ ಸೋತಿತ್ತು. ಈ ಸಲ ಟಾಫ್ಟ್ ಅವರ ಸರದಿ ಎಂದೇ ಅನೇಕರು ಭಾವಿಸಿದ್ದರು. ಆಗ ಎದುರಾದವರು ಎರಡನೆಯ ಮಹಾಯುದ್ಧದ ವಿಜಯಿ, ಜನರಲ್ ಡ್ವೈಟ್ ಐಸೆನ್‌ಹೋವರ್. ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರಾಥಮಿಕ ಚುನಾವಣೆ ನಡೆದಾಗ ಜನರಲ್ ಇನ್ನೂ ಯೂರೋಪಿನಲ್ಲಿದ್ದರು. ಅಲ್ಲಿಗೆ ಕಾಲಿಡದೆಯೇ ಗೆದ್ದರು. ಟಾಫ್ಟ್ ಕೂಡ ವಿಸ್ಕಾನ್ಸಿನ್, ನೆಬ್ರಾಸ್ಕಾ, ಇಲಿನಾಯ್, ಓಹಿಯೋಗಳಲ್ಲಿ ಗೆದ್ದು ಸಮಬಲದ ಹೋರಾಟ ನೀಡಿದರು. ಅವರು ಗೆಲ್ಲಲಾರರು ಎಂಬ ಮಾತು ಮಾತ್ರ ಎಲ್ಲೆಡೆ ಹಬ್ಬಿತ್ತು. ತಮ್ಮ ನಿಲುವುಗಳನ್ನು ಮೆಚ್ಚುತ್ತಿದ್ದವರನ್ನೂ ಈ ಮಾತು ಅಲುಗಾಡಿಸಿತು.

ಜುಲೈನಲ್ಲಿ ಷಿಕಾಗೋದಲ್ಲಿ ನಡೆದ ಅಧಿವೇಶನದಲ್ಲಿ ಟೆಕ್ಸಾಸ್, ಜಾರ್ಜಿಯಾ, ಲೂಸಿಯಾನಾ ರಾಜ್ಯಗಳ ನಿಜವಾದ ಪ್ರತಿನಿಧಿಗಳು ಯಾರೆಂಬ ವಿವಾದ ಭುಗಿಲೆದ್ದಿತು. ಟೆಕ್ಸಾಸ್‌ನಲ್ಲಿ ತಮಗೆ ಬರಬೇಕಾದ ಸ್ಥಾನಗಳನ್ನು ಟಾಫ್ಟ್ ಬಣ ಕಬಳಿಸಿದೆ ಎಂಬುದು ಜನರಲ್ ಬೆಂಬಲಿಗರ ದೂರು. ಬೇರೆ ಪಕ್ಷದವರನ್ನು ಕರೆತಂದು ಸಭೆಗಳನ್ನು ತುಂಬಿಸಲಾಗಿತ್ತು ಎಂಬುದು ಟಾಫ್ಟ್ ಬಣದ ಉತ್ತರ. ವಿವಾದಿತ ಪ್ರತಿನಿಧಿಗಳಿಗೆ ಇಂಥ ತಕರಾರುಗಳ ಮೇಲೆ ಮತಾಧಿಕಾರ ಇರಕೂಡದೆಂಬ ನಿಯಮ 658-548 ಮತಗಳಿಂದ ಅಂಗೀಕಾರವಾಯಿತು. ಪ್ರಾಮಾಣಿಕತೆಗೆ ಹೆಸರಾದ ಟಾಫ್ಟ್ ಮೇಲೆಯೇ ಕಳ್ಳಾಟದ ಆರೋಪ ಬಂದದ್ದು ವಿಧಿಯ ವ್ಯಂಗ್ಯ. ಮೊದಲ ಸುತ್ತಿನ ಎಣಿಕೆಯಲ್ಲಿ ಐಸೆನ್‌ಹೋವರ್‌ಗೆ 595, ಟಾಫ್ಟ್‌ಗೆ 500 ಮತಗಳು ಬಂದವು. ಬೇಕಿದ್ದುದು 604. ಮಿನೆಸೋಟಾ ಪ್ರತಿನಿಧಿಗಳು ಅಲ್ಲಿಯೇ ಜನರಲ್ ಕಡೆಗೆ ವಾಲಿದರು. ಅಲ್ಲಿಗೆ ಆಟ ಮುಗಿಯಿತು.

ಸೋತ ಮೇಲಿನ ಸೌಜನ್ಯ

ಟಾಫ್ಟ್ ಮುನಿದು ಮನೆಯಲ್ಲಿ ಕೂರಲಿಲ್ಲ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮಾರ್ನಿಂಗ್‌ಸೈಡ್ ಹೈಟ್ಸ್‌ನಲ್ಲಿ ಐಸೆನ್‌ಹೋವರ್ ಅವರನ್ನು ಕಂಡು, ಸರ್ಕಾರದ ವೆಚ್ಚಕ್ಕೆ ಕಡಿವಾಣ ಹಾಕುವ ಭರವಸೆ ಪಡೆದು, ಅವರ ಪರ ಪ್ರಚಾರ ಕೈಗೊಂಡರು. ನವೆಂಬರ್‌ನಲ್ಲಿ ಪಕ್ಷ 20 ವರ್ಷಗಳ ಬಳಿಕ ಶ್ವೇತಭವನ ಮರಳಿ ಪಡೆಯಿತು. ಟಾಫ್ಟ್ ಸೆನೆಟ್‌ನ ಬಹುಮತ ನಾಯಕರಾಗಿ ಹೊಸ ಅಧ್ಯಕ್ಷರ ನೆರವಿಗೆ ನಿಂತರು. ಮುಂಗಡಪತ್ರದ ಗಾತ್ರ ಕಂಡು ಒಂದು ಸಭೆಯಲ್ಲಿ ಕೆರಳಿದರೂ ಸಹಕಾರ ಬಿಡಲಿಲ್ಲ.

ಅಷ್ಟರಲ್ಲಿ ಸೊಂಟದ ನೋವು ಕಾಣಿಸಿಕೊಂಡಿತು. ಅದು ಕ್ಯಾನ್ಸರ್. ಜೂನ್‌ನಲ್ಲಿ ಸದನದ ಹೊಣೆಯನ್ನು ವಿಲಿಯಂ ನೋಲ್ಯಾಂಡ್ ಅವರಿಗೆ ವಹಿಸಿದ ಟಾಫ್ಟ್, 1953ರ ಜುಲೈ 31ರಂದು ತಮ್ಮ 63ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಸಂಸತ್ ಭವನದಲ್ಲಿ ಅವರ ಪಾರ್ಥಿವ ಶರೀರದ ದರ್ಶನಕ್ಕೆ ಅವಕಾಶ ಕಲ್ಪಿಸಲಾಗಿತ್ತು. 1957ರಲ್ಲಿ ಕೆನಡಿ ಅಧ್ಯಕ್ಷತೆಯ ಸಮಿತಿ ಆರಿಸಿದ ಐವರು ಶ್ರೇಷ್ಠ ಸೆನೆಟರ್‌ಗಳಲ್ಲಿ ಟಾಫ್ಟ್ ಕೂಡ ಸೇರಿದ್ದಾರೆ.

ಉಳಿದ ಪ್ರಶ್ನೆ

ಪಕ್ಷದವರ ಆಯ್ಕೆ ಸರಿಯೇ? ಐಸೆನ್‌ಹೋವರ್ ಎರಡು ಬಾರಿ ಭಾರಿ ಅಂತರದಿಂದ ಗೆದ್ದರು. ಆದರೆ ನ್ಯೂ ಡೀಲ್ ವ್ಯವಸ್ಥೆಯನ್ನು ಕೆಡವಲಿಲ್ಲ; ವೃದ್ಧಾಪ್ಯ ಪಿಂಚಣಿಯ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಿದರು. ಗೆಲ್ಲಬಲ್ಲವರನ್ನು ಬಯಸಿದವರಿಗೆ ಗೆಲುವು ದಕ್ಕಿತು. ಟಾಫ್ಟ್ ಬಯಸಿದ್ದ ಪುಟ್ಟ ಸರ್ಕಾರ ಬರಲಿಲ್ಲ. ಆ ಕಹಿ ನಿಷ್ಠಾವಂತರ ಮನಸ್ಸಿನಲ್ಲಿ ಉಳಿಯಿತು. 1964ರಲ್ಲಿ ಅವರು ಹಟ ಹಿಡಿದು ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ನಿಲ್ಲಿಸಿದರು. ದಕ್ಕಿದ್ದು ಆರೇ ರಾಜ್ಯಗಳು. 1980ರಲ್ಲಿ ರೊನಾಲ್ಡ್ ರೇಗನ್ ಬಂದಾಗ ಎರಡೂ ಪ್ರಶ್ನೆಗಳಿಗೆ ಹೌದೆಂಬ ಉತ್ತರ ಒಂದೇ ಮುಖದಲ್ಲಿ ಕಂಡಿತು. 44 ರಾಜ್ಯಗಳು ಅವರ ಪಾಲಾದವು.

ರೇಗನ್ ಅವರ ನಗು, ಮಾತಿನ ಮೋಡಿ ಟಾಫ್ಟ್‌ಗೆ ಇರಲಿಲ್ಲ ಎಂಬುದು ನಿಜ. ಆದರೆ ಮತದಾರರು ಅಭ್ಯರ್ಥಿಯ ನಿಷ್ಠೆಯನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲವೇ? ಸಂಪ್ರದಾಯವಾದಿಗಳ ಪಾಲಿಗೆ ದಶಕಗಳ ಕಾಲ ಆ ಅಳತೆಗೋಲಾಗಿ ಉಳಿದದ್ದು, ಒಮ್ಮೆಯೂ ಟಿಕೆಟ್ ಪಡೆಯದ ಟಾಫ್ಟ್ ಅವರ ಬದುಕು.