ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್

ಮಕ್ಕಳೇ, ನೀವು ಕೂಸಾಗಿದ್ದಾಗ ನಿಮ್ಮ ಬಾಯಿಗೆ ಪೋಲಿಯೊ ಲಸಿಕೆಯ ಎರಡು ಹನಿ ಹಾಕಿಸಿರುತ್ತಾರೆ. ನಿಮಗೆ ಅದು ನೆನಪಿರಲಿಕ್ಕಿಲ್ಲ. ಆದರೆ ಮನೆಯ ಚಿಕ್ಕ ಮಕ್ಕಳಿಗೆ ಹಾಕಿಸುವುದನ್ನು ನೋಡಿರಬಹುದು. ಇಂತಹ ಲಸಿಕೆಯಿಂದಾಗಿಯೇ ನಮ್ಮ ದೇಶವು 2014ರಲ್ಲಿ ಪೋಲಿಯೊ ಮುಕ್ತವೆಂಬ ಮನ್ನಣೆ ಪಡೆಯಿತು. ನೂರು ವರ್ಷಗಳ ಹಿಂದೆ ಈ ಲಸಿಕೆ ಯಾವ ದೇಶದಲ್ಲಿಯೂ ಇರಲಿಲ್ಲ. ಆ ಕಾಲದಲ್ಲಿ ಪೋಲಿಯೊಗೆ ತುತ್ತಾಗಿ, ಜೀವನವಿಡೀ ಕುಂಟುತ್ತಲೇ ನಡೆದು, ದೊಡ್ಡ ಕೆಲಸ ಮಾಡಿದ ಒಬ್ಬ ಮಹಿಳೆಯ ವಿಷಯ ತಿಳಿಯೋಣ ಬನ್ನಿ.

ಡೊರೊಥಿಯಾ ಹುಟ್ಟಿದ್ದು 1895ರ ಮೇ 26ರಂದು, ಅಮೆರಿಕದ ಹೊಬೊಕೆನ್ ಎಂಬ ಊರಿನಲ್ಲಿ. ಅವಳಿಗೆ ಏಳು ವರ್ಷವಾದಾಗ ಪೋಲಿಯೊ ಬಂದಿತು. ಈ ರೋಗದ ವೈರಾಣು ಬೆನ್ನುಹುರಿಯಲ್ಲಿರುವ ನರಕೋಶಗಳನ್ನು ಕೊಲ್ಲುತ್ತದೆ. ನಮ್ಮ ಕೈಕಾಲುಗಳ ಸ್ನಾಯುಗಳಿಗೆ ಆಜ್ಞೆ ಒಯ್ಯುವುದು ಈ ನರಗಳೇ. ತಂತಿ ಕಡಿದರೆ ಬಲ್ಬು ಚೆನ್ನಾಗಿದ್ದರೂ ಉರಿಯುವುದಿಲ್ಲ ಅಲ್ಲವೇ? ಹಾಗೆಯೇ ನರ ಸತ್ತರೆ ಸ್ನಾಯು ಕೆಲಸ ಮಾಡುವುದಿಲ್ಲ. ಡೊರೊಥಿಯಾಳ ಜೀವ ಉಳಿಯಿತು. ಆದರೆ ಬಲಗಾಲು ಮೊಣಕಾಲಿನ ಕೆಳಗೆ ಸೊರಗಿತು, ಪಾದ ಸೊಟ್ಟಗಾಯಿತು.

ಜೊತೆಯ ಮಕ್ಕಳು ಅವಳನ್ನು ಕುಂಟಿ ಎಂದು ಕರೆದು ನಗುತ್ತಿದ್ದರು. ದಾರಿಯಲ್ಲಿ ಪರಿಚಯದವರು ಎದುರಾದರೆ ಅಮ್ಮ ಕೂಡ, ಆದಷ್ಟು ಚೆನ್ನಾಗಿ ನಡೆ ಎಂದು ಮೆಲ್ಲಗೆ ಹೇಳುತ್ತಿದ್ದರು. ಅಮ್ಮನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಜನ ಏನೆನ್ನುವರೋ ಎಂಬ ಸಂಕೋಚ ಅವರಿಗೆ. ಆದರೆ ಆ ಮಾತು ಹುಡುಗಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅವಳು ಉದ್ದನೆಯ ಲಂಗ ತೊಟ್ಟು ಕಾಲನ್ನು ಮರೆಮಾಡಲು ಕಲಿತಳು.

ಡೊರೊಥಿಯಾಳಿಗೆ ಹನ್ನೆರಡು ವರ್ಷವಾದಾಗ ತಂದೆ ಮನೆ ಬಿಟ್ಟು ಹೋದರು. ತಾಯಿ ನ್ಯೂಯಾರ್ಕ್ ನಗರದ ಗ್ರಂಥಾಲಯವೊಂದರಲ್ಲಿ ದುಡಿದು ಸಂಸಾರ ನಡೆಸಿದರು. ಅದು ಬೇರೆ ಬೇರೆ ದೇಶಗಳಿಂದ ಬಂದ ಬಡವರು ವಾಸಿಸುವ ಕೇರಿ. ಡೊರೊಥಿಯಾ ಓದುತ್ತಿದ್ದ ಶಾಲೆಯೂ ಅಲ್ಲಿಯೇ ಇತ್ತು. ಆ ಕೇರಿಯ ಬೀದಿಗಳಲ್ಲಿ ಅವಳು ಒಬ್ಬಳೇ ನಿಧಾನವಾಗಿ ನಡೆಯುತ್ತಿದ್ದಳು. ನಿಧಾನವಾಗಿ ನಡೆಯುವವರಿಗೆ ಹೆಚ್ಚು ಕಾಣಿಸುತ್ತದೆ. ಜನರ ಮುಖ, ಕೈ, ಕುಳಿತ ರೀತಿ, ನಿಂತ ರೀತಿ ಎಲ್ಲವನ್ನೂ ಅವಳು ಗಮನಿಸಿದಳು.

ಶಾಲೆ ಮುಗಿದ ಮೇಲೆ ಡೊರೊಥಿಯಾ ತಾನು ಛಾಯಾಗ್ರಾಹಕಿಯಾಗುವೆನೆಂದು ನಿಶ್ಚಯಿಸಿದರು. ಆಗ ಅವರ ಬಳಿ ಒಂದು ಕ್ಯಾಮೆರಾ ಕೂಡ ಇರಲಿಲ್ಲ! ಬಲ್ಲವರ ಬಳಿ ದುಡಿದು ಈ ವಿದ್ಯೆಯನ್ನು ಕಲಿತರು. 1918ರಲ್ಲಿ ಗೆಳತಿಯೊಡನೆ ಲೋಕ ಸುತ್ತಲು ಹೊರಟರು. ಆದರೆ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಅವರ ಹಣ ಕಳುವಾಯಿತು. ಡೊರೊಥಿಯಾ ಎದೆಗುಂದದೆ ಅಲ್ಲಿಯೇ ಕೆಲಸಕ್ಕೆ ಸೇರಿದರು. ಮರುವರ್ಷ ಸ್ವಂತ ಸ್ಟುಡಿಯೊ ತೆರೆದರು. ಶ್ರೀಮಂತರು ಅಲ್ಲಿಗೆ ಬಂದು ಭಾವಚಿತ್ರ ತೆಗೆಸಿಕೊಳ್ಳುತ್ತಿದ್ದರು.

1929ರ ನಂತರ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಉಂಟಾಯಿತು. ಕಾರ್ಖಾನೆಗಳು ಮುಚ್ಚಿದವು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಸ್ಟುಡಿಯೊದ ಕಿಟಕಿಯಿಂದ ನೋಡಿದರೆ ಕೆಲಸವಿಲ್ಲದವರು ಬೀದಿಯಲ್ಲಿ ಅಲೆಯುವುದು ಕಾಣುತ್ತಿತ್ತು. ಡೊರೊಥಿಯಾ ಕ್ಯಾಮೆರಾ ಹಿಡಿದು ಬೀದಿಗಿಳಿದರು. ಮುಂದೆ ಸರಕಾರದ ಕೆಲಸಕ್ಕೆ ಸೇರಿ, ಬರ ಮತ್ತು ಧೂಳಿನ ಬಿರುಗಾಳಿಯಿಂದ ಹೊಲಮನೆ ಕಳೆದುಕೊಂಡು ಕೂಲಿ ಅರಸಿ ಬಂದ ರೈತರ ಚಿತ್ರಗಳನ್ನು ತೆಗೆದರು. ಭಾರವಾದ ಕ್ಯಾಮೆರಾ, ದೂರದ ದಾರಿ, ಸೊರಗಿದ ಕಾಲು. ಆದರೂ ಅವರು ಅವಸರ ಮಾಡುತ್ತಿರಲಿಲ್ಲ. ಜನರ ಜೊತೆ ಮಾತನಾಡಿ, ಅವರ ಕಷ್ಟ ಕೇಳಿ, ಆಮೇಲೆ ಚಿತ್ರ ತೆಗೆಯುತ್ತಿದ್ದರು. ಕುಂಟುತ್ತ ಬರುವ ಈ ಹೆಂಗಸನ್ನು ಕಂಡು ಬಡವರು ಹೆದರುತ್ತಿರಲಿಲ್ಲ.

1936ರ ಮಾರ್ಚ್ ತಿಂಗಳು. ಒಂದು ತಿಂಗಳ ತಿರುಗಾಟ ಮುಗಿಸಿ ಅವರು ಒಬ್ಬರೇ ಕಾರಿನಲ್ಲಿ ಮನೆಗೆ ಮರಳುತ್ತಿದ್ದರು. ಮಳೆ ಸುರಿಯುತ್ತಿತ್ತು. ಮೈ ದಣಿದಿತ್ತು. ದಾರಿಯ ಪಕ್ಕ ಬಟಾಣಿ ಕೀಳುವ ಕೂಲಿಗಳ ಬಿಡಾರವಿದೆ ಎಂಬ ಫಲಕ ಕಂಡಿತು. ಸಾಕಷ್ಟು ಚಿತ್ರಗಳಿವೆ, ಇನ್ನೇಕೆ ನಿಲ್ಲಬೇಕು ಎಂದುಕೊಂಡು ಮುಂದೆ ಸಾಗಿದರು. ಆದರೆ ಮನಸ್ಸು ಒಪ್ಪಲಿಲ್ಲ. ಸುಮಾರು 30 ಕಿಲೋಮೀಟರ್ ಹೋದವರು ಕಾರು ತಿರುಗಿಸಿ ಹಿಂದಕ್ಕೆ ಬಂದರು! ಹಿಮ ಬಿದ್ದು ಬೆಳೆ ಹಾಳಾಗಿ, ಬಿಡಾರದ ಜನ ಹಸಿದಿದ್ದರು. ಹರಕು ಡೇರೆಯೊಂದರಲ್ಲಿ ಒಬ್ಬ ತಾಯಿ ಮಕ್ಕಳೊಡನೆ ಚಿಂತಿಸುತ್ತ ಕುಳಿತಿದ್ದಳು. ಡೊರೊಥಿಯಾ ಅವಳ ಕೆಲವು ಚಿತ್ರಗಳನ್ನು ತೆಗೆದರು. ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಸರಕಾರ ಆ ಬಿಡಾರಕ್ಕೆ ಸುಮಾರು 9,000 ಕಿಲೋಗ್ರಾಂ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಡನೆ ಬೇರೆಡೆಗೆ ಹೋಗಿಬಿಟ್ಟಿದ್ದಳು. ಆದರೂ ಉಳಿದ ಕೂಲಿಗಳ ಹಸಿವು ತಣಿಯಿತು. ವಲಸೆ ಬಂದ ತಾಯಿಯ ಆ ಚಿತ್ರ ಇಂದು ಲೋಕಪ್ರಸಿದ್ಧವಾಗಿದೆ.

ಐವತ್ತರ ವಯಸ್ಸಿನಿಂದ ಅವರ ಆರೋಗ್ಯ ಕೆಟ್ಟಿತು. ಹೊಟ್ಟೆಯ ಹುಣ್ಣು ಕಾಡಿತು. ಪೋಲಿಯೊದ ನೋವು ಮತ್ತು ನಿಶ್ಶಕ್ತಿ ಮತ್ತೆ ಕಾಣಿಸಿಕೊಂಡವು. ಬಾಲ್ಯದ ರೋಗ ಇಷ್ಟು ವರ್ಷಗಳ ಮೇಲೆ ಏಕೆ ಕಾಡಬೇಕು? ಜೋಡಿ ಎತ್ತುಗಳಲ್ಲಿ ಒಂದು ಸತ್ತರೆ ಉಳಿದ ಎತ್ತು ಎರಡರ ಭಾರ ಎಳೆಯಬೇಕು. ಪೋಲಿಯೊ ಬಂದವರಲ್ಲಿ ಉಳಿದ ನರಗಳೂ ಹೀಗೆಯೇ ಸತ್ತ ನರಗಳ ಕೆಲಸವನ್ನು ಹೊರುತ್ತವೆ. ಹತ್ತಾರು ವರ್ಷ ಹೊತ್ತು ಅವೂ ಸೋಲುತ್ತವೆ ಎಂದು ಇಂದಿನ ವೈದ್ಯರು ವಿವರಿಸುತ್ತಾರೆ. ಆ ಕಾಲದ ಹೆಚ್ಚಿನ ವೈದ್ಯರಿಗೆ ಇದು ತಿಳಿದಿರಲಿಲ್ಲ.

ಕೆಲವು ವರ್ಷ ಡೊರೊಥಿಯಾ ಕ್ಯಾಮೆರಾ ಮುಟ್ಟಲಾಗಲಿಲ್ಲ. ಮತ್ತೆ ಹಿಡಿದಾಗ ತಮ್ಮ ಶಕ್ತಿಗೆ ತಕ್ಕಂತೆ ಕೆಲಸವನ್ನು ಹೊಂದಿಸಿಕೊಂಡರು. ದೂರ ಹೋಗಲಾಗದ ದಿನ ಮನೆಯಂಗಳದ ಮರ, ಮೊಮ್ಮಕ್ಕಳ ಆಟ ಇವೇ ಅವರ ಚಿತ್ರಗಳಾದವು. ಒಮ್ಮೆ ತಮ್ಮ ವಿದ್ಯಾರ್ಥಿಗಳಿಗೆ, ನೀವು ವಾಸಿಸುವ ತಾಣವನ್ನು ಚಿತ್ರದಲ್ಲಿ ತೋರಿಸಿ ಎಂದು ಹೇಳಿದರು. ತಾವು ಯಾವ ಚಿತ್ರ ತಂದರು ಗೊತ್ತೇ? ತಮ್ಮ ಸೊಟ್ಟ ಪಾದದ ಚಿತ್ರ! ಚಿಕ್ಕಂದಿನಿಂದ ಮರೆಮಾಡಿದ ಪಾದವನ್ನು ಅವರು ಎಲ್ಲರ ಮುಂದಿಟ್ಟರು. ಆ ಕಾಲು ತಮ್ಮನ್ನು ನೋಯಿಸಿದೆ, ಅವಮಾನಿಸಿದೆ, ಜೊತೆಗೆ ದಾರಿಯನ್ನೂ ತೋರಿಸಿದೆ ಎಂದು ಅವರು ನಂಬಿದ್ದರು.

1964ರಲ್ಲಿ ಅವರಿಗೆ ಅನ್ನನಾಳದ ಕ್ಯಾನ್ಸರ್ ಇರುವುದು ತಿಳಿಯಿತು. ಆಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ಪ್ರದರ್ಶನಕ್ಕೆ ಸಿದ್ಧತೆ ನಡೆಯುತ್ತಿತ್ತು. ಉಳಿದ ಶಕ್ತಿಯನ್ನೆಲ್ಲ ಅದಕ್ಕೆ ಮೀಸಲಿಟ್ಟು ಚಿತ್ರಗಳನ್ನು ಆರಿಸಿದರು. 1965ರ ಅಕ್ಟೋಬರ್ 11ರಂದು ತೀರಿಕೊಂಡರು. ಪ್ರದರ್ಶನ 1966ರ ಜನವರಿಯಲ್ಲಿ ಆರಂಭವಾಯಿತು.

ಮಕ್ಕಳೇ, ಕುಂಟುವ ಕಾಲು ಕಣ್ಣಿಗೆ ಕಾಣುತ್ತದೆ. ಆದರೆ ಒಳಗಿನ ದಣಿವು ಕಾಣುವುದಿಲ್ಲ. ಆಟದ ಬಯಲಿನಲ್ಲಿ ಬೇಗ ಸುಸ್ತಾಗಿ ಕುಳಿತುಬಿಡುವ ಗೆಳೆಯನನ್ನು ಸೋಮಾರಿ ಎನ್ನಬೇಡಿ. ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನಡೆಯುವಾಗ ನಿಮ್ಮ ಹೆಜ್ಜೆಯನ್ನು ಅವನ ಹೆಜ್ಜೆಗೆ ಹೊಂದಿಸಿಕೊಳ್ಳಿ. ನಿಧಾನವಾಗಿ ನಡೆದರೆ ದಾರಿಯಲ್ಲಿ ಏನೇನು ಕಾಣುತ್ತದೆ ಎಂಬುದು ಆಗ ನಿಮಗೂ ತಿಳಿಯುತ್ತದೆ.