ಖಾದಿ ತೊಟ್ಟು ಪದವಿ ಕಳೆದುಕೊಂಡ ಔಷಧ ವಿಜ್ಞಾನಿ

ಆನೆಕಾಲು ರೋಗ ತಡೆಗೆ ಕರಾವಳಿ ಹಾಗೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಮನೆಮನೆಗೆ ಹಂಚಲಾದ ಡಿಇಸಿ ಮಾತ್ರೆ, ಗರ್ಭಿಣಿಯರಿಗೆ ನೀಡುವ ಫೋಲಿಕ್ ಆಮ್ಲ ಇವೆರಡರ ಹಿಂದೆಯೂ ಇದ್ದವರು ಡಾ. ಯಲ್ಲಾಪ್ರಗಡ ಸುಬ್ಬರಾವ್. ಮಾತ್ರೆ ನುಂಗಿದ ಬಹುತೇಕರು ಈ ಹೆಸರನ್ನು ಕೇಳಿರಲಾರರು.

1895ರ ಜನವರಿ 12ರಂದು ಆಂಧ್ರದ ಭೀಮಾವರದಲ್ಲಿ ಜನಿಸಿದ ಸುಬ್ಬರಾವ್, ಮೆಟ್ರಿಕ್ಯುಲೇಷನ್ ತೇರ್ಗಡೆಯಾದದ್ದು ಮೂರನೇ ಯತ್ನದಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಧರಿಸತೊಡಗಿದರು. ಇದು ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರ ಕಣ್ಣು ಕೆಂಪಾಗಿಸಿತು. ಪರಿಣಾಮ, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ಕೈಸೇರಿತು. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿತು. ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಬೋಧಕರಾದರು.

1923ರಲ್ಲಿ ಮಾವನ ಹಣದ ನೆರವಿನಿಂದ ಬಾಸ್ಟನ್ ತಲುಪಿದರು. ಪತ್ನಿಯನ್ನು ಊರಲ್ಲೇ ಬಿಟ್ಟು ಹೊರಟವರು ಮತ್ತೆ ತಾಯ್ನಾಡಿಗೆ ಮರಳಲೇ ಇಲ್ಲ. ಹಾರ್ವರ್ಡ್‌ನಲ್ಲಿ ಓದು, ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ಕೆಳದರ್ಜೆಯ ರಾತ್ರಿ ಕೆಲಸ.

ಅಲ್ಲಿ ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ, ರಕ್ತದಲ್ಲಿನ ರಂಜಕವನ್ನು ದ್ರಾವಣದ ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ ರೂಪಿಸಿದರು. ಅದೇ ವಿಧಾನ ಸ್ನಾಯುಗಳ ಗುಟ್ಟು ಬಿಡಿಸಿತು. 1927ರಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಜೀವಕೋಶಗಳ ಶಕ್ತಿಮೂಲವಾದ ಎಟಿಪಿ ಪತ್ತೆಯಾದವು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಎಟಿಪಿಯನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಇಷ್ಟೆಲ್ಲ ಸಾಧಿಸಿದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ನಷ್ಟ ಯಾರದೆಂಬುದು ಮುಂದಿನ ಎಂಟು ವರ್ಷಗಳಲ್ಲಿ ತಿಳಿಯಿತು.

1940ರಲ್ಲಿ ಸುಬ್ಬರಾವ್ ಲೆಡರ್ಲೆ ಪ್ರಯೋಗಾಲಯ ಸೇರಿದರು. ಅವರ ಸಹೋದರರನ್ನು ಬಲಿ ಪಡೆದಿದ್ದು ಸ್ಪ್ರೂ ಎಂಬ ಕರುಳಿನ ಕಾಯಿಲೆ. ಸ್ವತಃ ಅವರೂ ಅದರಿಂದ ನರಳಿದ್ದರು. ಅದಕ್ಕೆ ಮದ್ದಾಗಬಲ್ಲ ಫೋಲಿಕ್ ಆಮ್ಲವನ್ನು ಅವರ ತಂಡ 1945ರಲ್ಲಿ ಕೃತಕವಾಗಿ ತಯಾರಿಸಿತು. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ ಬೇಕಿದ್ದುದು ಇದರ ತದ್ವಿರುದ್ಧ ವಸ್ತು: ಫೋಲಿಕ್ ಆಮ್ಲದ ಕೆಲಸವನ್ನು ತಡೆದು ರಕ್ತ ಕ್ಯಾನ್ಸರ್ ಕೋಶಗಳನ್ನು ಹಸಿವಿನಿಂದ ಸಾಯಿಸುವಂಥದ್ದು. ಸುಬ್ಬರಾವ್ ತಂಡ ಅಮಿನೊಪ್ಟೆರಿನ್ ಒದಗಿಸಿತು. ಸಾವಿನಂಚಿನಲ್ಲಿದ್ದ ಕೆಲವು ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. ಆ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈಗಲೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಇದರ ಸಮೀಪದ ಬಂಧು.

ಆನೆಕಾಲು ರೋಗದ ಹೆಟ್ರಜಾನ್ (ಇಂದಿನ ಡಿಇಸಿ) 1947ರಲ್ಲಿ ಹೊರಬಂತು. ಮರುವರ್ಷ, ಬೆಂಜಮಿನ್ ಡಗ್ಗರ್ ಅವರ ಆರಿಯೊಮೈಸಿನ್. ಅದೇ 1948ರ ಆಗಸ್ಟ್‌ನಲ್ಲಿ, 53ರ ಹರೆಯದಲ್ಲಿ ಸುಬ್ಬರಾವ್ ಹೃದಯಾಘಾತಕ್ಕೀಡಾದರು. ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದದ್ದು ಜನ್ಮಶತಮಾನೋತ್ಸವದ ವರ್ಷ, 1995ರಲ್ಲಿ.